ಬಿಳಿ ಇಲಿಗೆ ನಾನು ನೋಡಿದ ಗಂಡು

ಇಲಿ ಸಾಕಿ ಹೊಟ್ಟೆ ಹೊರೆದವನು ನಾನು. ನಗಬೇಡಿ. ಆ ಚಾಕರಿಯಲ್ಲಿ ಬೆಳಗಾದರೆ ಒಂದಲ್ಲ ಒಂದು ಫಜೀತಿ ಇದ್ದೇ ಇರುತ್ತಿತ್ತು. ಪ್ಲೇಗಿನ ಕಾಲ, ಇಲಿ ಕಂಡರೆ ಜನ ಮನೆ ಬಿಟ್ಟು ಓಡುತ್ತಿದ್ದರು. ಚಳ್ಳಕೆರೆಗೆ ಬಂದಿದ್ದ ಡಾಕ್ಟರು ಮಾತ್ರ ಮದ್ರಾಸಿನಿಂದ ಪೆಟ್ಟಿಗೆಗಟ್ಟಲೆ ಇಲಿ ತರಿಸಿ, ಯಾವ ಜಾತಿಯ ಗುಣ ಹೇಗೆ ಎಂದು ನೋಡುತ್ತಿದ್ದರು. ದೇವಸಮುದ್ರದ ಕಡೆಯ ಕುರಿ ಕಾಯುವ ಮನೆಯವನಾದ ನನ್ನನ್ನು ಅವುಗಳ ಆರೈಕೆಗೆ ಇಟ್ಟುಕೊಂಡರು.

"ಊರೋರೆಲ್ಲ ಇಲಿ ಹೊಡೀತಾವ್ರೆ, ನೀನು ಅವಕ್ಕೆ ಕಾಳು ಹಾಕ್ತೀಯೇನೋ?" ಎಂದು ಅವ್ವ ಹಣೆ ಬಡಿದುಕೊಂಡಳು.

೧. ಕುಣಿಯುವ ಜಾತಿ

ಮೂರು ಜಾತಿ ಇದ್ದವು. ಬಿಳಿಯದು ಸಾಧು, ಅಂಗೈ ಮೇಲೆ ಕೂತು ಜೋಳ ತಿನ್ನುತ್ತಿತ್ತು. ಕರಿಯದು ಬೆರಳು ಕಂಡರೆ ಸಾಕು, ಕಚ್ಚುತ್ತಿತ್ತು. ಮೂರನೆಯದು ಇದ್ದಲ್ಲೇ ಗಿರಗಿರ ಸುತ್ತುತ್ತಿತ್ತು. ನನಗೋ ಅದನ್ನು ನೋಡಿದರೆ ತಲೆ ತಿರುಗುತ್ತಿತ್ತು. "ನಿಲ್ಲೇ! ನಿಲ್ಲೇ ಮುಂಡೇದೇ!" ಎಂದು ವಾರಗಟ್ಟಲೆ ಗದರಿದೆ.

ಒಂದು ದಿನ ಡಾಕ್ಟರು ಕೇಳಿಸಿಕೊಂಡು, "ಯಾಕಪ್ಪಾ ಗಂಟಲು ಹರಕೊಳ್ತೀಯ? ಆ ಜಾತಿ ಹುಟ್ಟಾ ಕಿವುಡು" ಅಂದರು.

ಅಷ್ಟೂ ಬೈಗುಳವನ್ನು ಪಕ್ಕದ ಪೆಟ್ಟಿಗೆಯ ಸಾಧು ಇಲಿಗಳು ಕೇಳಿಸಿಕೊಂಡಿದ್ದವು.

೨. ಮಾವ ನೌಕರಿ ನೋಡಲು ಬಂದದ್ದು

ಸೋದರಮಾವನ ಮಗಳೆಂದರೆ ನನಗೆ ಪ್ರಾಣ. ಮಾವನದು ಒಂದೇ ಹಟ: ನೌಕರಿ ಗಟ್ಟಿಯಾದರೆ ಮಾತ್ರ ಮಗಳು. ಅದನ್ನು ಕಣ್ಣಾರೆ ನೋಡಲು ಕೊಂಡ್ಲಹಳ್ಳಿಯಿಂದ ನಡೆದೇ ಬಂದ.

"ಇದೇನ್ಲೇ ಅಳಿಯಾ ಸರ್ಕಾರಿ ಕೆಲಸ?" ಎನ್ನುತ್ತಾ ಕರಿ ಇಲಿಯ ಪೆಟ್ಟಿಗೆಗೆ ಬೆರಳು ಹಾಕಿಬಿಟ್ಟ. ಹಾಕಿದ ಬೆರಳಿಗೆ ಇಲಿ ಜೋತುಬಿತ್ತು. ಡಾಕ್ಟರು ಓಡಿ ಬಂದವರು ಮೊದಲು ನೋಡಿದ್ದು ಇಲಿಯ ಹಲ್ಲನ್ನು.

"ಸದ್ಯ, ಏನೂ ಆಗಿಲ್ಲ" ಅಂದರು.

"ರಕ್ತ ಬರ್ತೈತಲ್ರೀ!" ಎಂದ ಮಾವ.

"ಇಲಿಗೆ ಅಂದೆ."

೩. ಒಡಹುಟ್ಟಿದವರು

ಆಮೇಲೆ ತಿಳಿಯಿತು ನೋಡಿ, ಬಿಳಿ ಜಾತಿ ಕೆಡದಿರಲೆಂದು ಡಾಕ್ಟರು ಅಣ್ಣ ತಂಗಿಯನ್ನೇ ಜೋಡಿ ಮಾಡುತ್ತಿದ್ದರು! ನನಗೆ ಮೈಯೆಲ್ಲ ಉರಿಯಿತು. ನಮ್ಮ ಹಟ್ಟಿಯಲ್ಲಿ ಕುರಿಗೂ ಬೇರೆ ಹಟ್ಟಿಯ ಟಗರು ತರುತ್ತೇವೆ. ಪಾಪ, ಈ ಹೆಣ್ಣಿಲಿಗೆ ಹೇಳುವವರು ಕೇಳುವವರು ಇಲ್ಲವೇ? ಡಾಕ್ಟರು ಮೊಳಕಾಲ್ಮೂರಿಗೆ ಹೋಗಿದ್ದಾಗ ಅಣ್ಣನನ್ನು ಎತ್ತಿ, ಕರಿ ಪೆಟ್ಟಿಗೆಯಿಂದ ಒಳ್ಳೆ ಕಟ್ಟುಮಸ್ತಾದ ಗಂಡನ್ನು ಬಿಟ್ಟೆ. ಮೂರು ದಿನಕ್ಕೆ ಮತ್ತೆ ಮೊದಲಿನಂತೆ ಇಟ್ಟೆ.

ಮರಿಗಳು ಬೆತ್ತಲೆ ಹುಟ್ಟಿದವು. ಬಚಾವಾದೆ ಅಂದುಕೊಂಡೆ. ವಾರ ಕಳೆದು ರೋಮ ಬಂತು. ಬಿಳಿಯೂ ಅಲ್ಲ, ಕಪ್ಪೂ ಅಲ್ಲ, ಎಲ್ಲವೂ ಅಡುಗೆಮನೆ ಇಲಿಯ ಬೂದು ಬಣ್ಣ!

ಡಾಕ್ಟರು ತಲೆ ಮೇಲೆ ಕೈ ಹೊತ್ತು ಕೂತರು. "ಮೂರು ವರ್ಷದ ಕೆಲಸ ಹಾಳಾಯ್ತು. ಯಾರು ಮಾಡಿದ್ದು?"

ಒಪ್ಪಿಕೊಂಡೆ.

"ಗಂಟುಮೂಟೆ ಕಟ್ಟು" ಅಂದರು.

ಕಾಲು ಹಿಡಿದೆ. "ನೌಕ್ರಿ ಹೋದ್ರೆ ಮಾವನ ಮಗಳೂ ಹೋಗ್ತಾಳೆ ಬುದ್ಧೀ!"

"ಯಾವ ಮಾವ?"

"ಅವ್ವನ ತಮ್ಮ."

"ನಿಮ್ಮವ್ವನನ್ನು ಯಾರಿಗೆ ಕೊಟ್ಟಿದ್ದು?"

"ಅವ್ಳ ಸೋದರಮಾವನಿಗೆ."

"ಅಜ್ಜಿಯನ್ನು?"

"ಅವ್ಳ ಅತ್ತೆ ಮಗನಿಗೆ."

ಡಾಕ್ಟರು ಕಾಗದ ತೆಗೆದು ಗೆರೆ ಎಳೆಯತೊಡಗಿದರು. ಒಂದು ಗೆರೆ ಇನ್ನೊಂದಕ್ಕೆ ಸಿಕ್ಕಿಕೊಂಡು ಕಾಗದ ತುಂಬಿಹೋಯಿತು. ಕೊನೆಗೆ ಲೇಖನಿ ಕೆಳಗಿಟ್ಟು ಹೇಳಿದರು: "ನಾನು ಇಲಿ ಸಾಕಿದ್ದೇ ದಂಡ. ನೀನು ಕೆಲಸದಲ್ಲೇ ಇರು. ಆದರೆ ಲಗ್ನಕ್ಕೆ ನನ್ನನ್ನು ಕರೀಬೇಕು."

ಹೋದ ಜೀವ ಬಂತು.

೪. ಡಾಕ್ಟರು ಲಗ್ನಕ್ಕೆ ಬಂದದ್ದು

ಹೇಳಿದ ಹಾಗೆ ಬಂದರು. ಚಪ್ಪರದಲ್ಲಿ ಕೂತವರೆಲ್ಲರದೂ ಒಂದೇ ಮೂಗು, ಒಂದೇ ಅಗಲ ಕಿವಿ. ಡಾಕ್ಟರು ಅತ್ತ ನೋಡುತ್ತಾರೆ, ಇತ್ತ ನೋಡುತ್ತಾರೆ. ಅಂದು ಇಲಿಯ ಹಲ್ಲನ್ನಷ್ಟೇ ನೋಡಿದ್ದವರಿಗೆ ಮಾವನ ಗುರುತು ಹತ್ತಲಿಲ್ಲ. ಕೊನೆಗೆ ಧೈರ್ಯ ಮಾಡಿ ಅವನಿಗೇ ಕೈಮುಗಿದು, "ನಿಮ್ಮ ಮಗ ಬಹಳ ಒಳ್ಳೆಯವನು" ಅಂದರು.

"ನಾನು ಹೆಣ್ಣಿನಪ್ಪ ಸ್ವಾಮಿ."

"ಕ್ಷಮಿಸಿ. ಹಾಗಾದರೆ ಗಂಡಿನ ಕಡೆಯವರು ಇವರೇನು?" ಎಂದು ಪಕ್ಕದವನನ್ನು ತೋರಿಸಿದರು.

"ಅವ್ನು ಗಂಡಿನ ಚಿಕ್ಕಮ್ಮನ ಗಂಡನೂ ಹೌದು, ಹೆಣ್ಣಿನ ಸೋದರಮಾವನೂ ಹೌದು."

ಡಾಕ್ಟರು ಬೆವರು ಒರೆಸಿಕೊಂಡರು. "ಇದರಿಂದ ನಿಮಗೆ ತೊಂದರೆ ಆಗೋದಿಲ್ವೇ?"

"ಒಂದೇ ತೊಂದ್ರೆ ಸ್ವಾಮಿ" ಎಂದ ಮಾವ, ದೊಡ್ಡ ನಿಟ್ಟುಸಿರು ಬಿಟ್ಟು. "ಬೀಗರನ್ನ ವಂಶ ಹಿಡಿದು ಬೈಯೋ ಹಂಗಿಲ್ಲ."