ಒಂದು ದಿನಕ್ಕೆ ಒಂದು ಇಂಚು

ಟೈಲರ್ ಮಾಸ್ಟರ್ ಬದುಕಿದ್ದ ಕೊನೆಯ ದಿನ ಬೆಳಿಗ್ಗೆ ಹೆಂಡತಿ ಗುಂಡಿಯಮ್ಮ ಅವರೊಂದಿಗೆ ಎರಡು ಇಂಚಿಗಾಗಿ ಜಗಳವಾಡಿದಳು. ಕೊನೆಯ ದಿನವೆಂದು ಗೊತ್ತಿದ್ದರೆ ಆಡುತ್ತಿರಲಿಲ್ಲ ಎನ್ನುವ ಹಾಗಿಲ್ಲ. ಗೊತ್ತಿದ್ದರೂ ಆಡುತ್ತಿದ್ದಳು.

(ಗುಂಡಿ ಎಂದರೆ ಇಲ್ಲಿ ಅಂಗಿಯ ಗುಂಡಿ. ಅದನ್ನು ಹಾಕುವುದು ಅವಳ ಕೆಲಸ. 'ನಾನು ಬಿದ್ದ ಗುಂಡಿ ಇದೇ' ಎಂದು ಗಂಡ ಗಿರಾಕಿಗಳಿಗೆ ತೋರಿಸುತ್ತಿದ್ದುದು ಬೇರೆ ವಿಷಯ.)

ಜಗಳದ ಮೂಲ ಗೋಡೆಯ ಮೇಲಿತ್ತು. ಹೊಸ ಆಸ್ಪತ್ರೆಗೆ ಎಂಬತ್ತು ಬಿಳಿ ಕೋಟು ಹೊಲಿಯುವ ಆರ್ಡರ್ ಬಂದಿತ್ತು. ಹೇಳಿದ ದಿನಕ್ಕೆ ಕೊಟ್ಟರೆ ವರ್ಷವಿಡೀ ಕೆಲಸ. ತಪ್ಪಿದರೆ ಅದು ಎದುರು ರಸ್ತೆಯ ಗಾರ್ಮೆಂಟ್ಸ್‌ನವರ ಪಾಲು. ಈ ಮನೆಗೆ ಮತ್ತೆ ಹರಿದ ಜೇಬು, ಕೆಟ್ಟ ಜಿಪ್ಪು.

ಅಳತೆ ತೆಗೆಯಲು ಹೋದ ಮಾಸ್ಟರ್ ಅಲ್ಲಿನ ಕಟ್ಟಡದ ಇಂಜಿನಿಯರ್ ಕೋಣೆಯಲ್ಲಿ ಒಂದು ಚಾರ್ಟು ನೋಡಿದರು. ಯಾವ ಕೆಲಸ ಯಾರದು, ಯಾವತ್ತು ಶುರು, ಯಾವತ್ತು ಮುಕ್ತಾಯ, ಎಲ್ಲವೂ ಉದ್ದುದ್ದ ಬಣ್ಣದ ಪಟ್ಟಿಗಳಲ್ಲಿ. ಮನೆಗೆ ಬಂದವರೇ ಕಟಿಂಗ್ ಕಾಗದ ಹರಡಿ, ಟೇಪು ಹಿಡಿದು, ಒಂದು ದಿನಕ್ಕೆ ಒಂದು ಇಂಚಿನಂತೆ ಗೆರೆ ಎಳೆದು ಗೋಡೆಗೆ ಹಾಕಿದರು. ಇಂಜಿನಿಯರಿಗೆ ಬಣ್ಣದ ಪೆನ್ನು, ಟೈಲರಿಗೆ ಬಟ್ಟೆಯ ಚೂರು. ಕಟಿಂಗ್ ತಮ್ಮದು, ನೀಲಿ ಪಟ್ಟಿ. ಹೊಲಿಗೆ ಗುಂಡಿಯಮ್ಮನ ಮೈದುನನದು, ಕೆಂಪು. ಕಾಜಾ, ಗುಂಡಿ ಅವಳದು, ಹಸಿರು. ದಾರದ ತುದಿ ಕತ್ತರಿಸಿ ಮಡಿಸುವುದು ಅವಳ ಅತ್ತೆಯದು, ಕಪ್ಪು. ಪಟ್ಟಿಗಳು ಮೆಟ್ಟಿಲಿನಂತೆ ಇಳಿದು ಇಪ್ಪತ್ತೊಂದನೇ ತಾರೀಖಿನ ದೊಡ್ಡ ಪಿನ್ನಿನಲ್ಲಿ ಮುಗಿದಿದ್ದವು. ಮೇಲಿನಿಂದ ಒಂದು ಹಳದಿ ದಾರ ಇಳಿಬಿದ್ದಿತ್ತು, ಭಾರಕ್ಕೆ ತುದಿಯಲ್ಲಿ ಕೋಟಿನ ಗುಂಡಿ. ಆ ದಾರವೇ 'ಇವತ್ತು'. ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಮಾಸ್ಟರ್ ಅದನ್ನು ಒಂದು ಇಂಚು ಮುಂದೆ ಸರಿಸುತ್ತಿದ್ದರು, ಸೂರ್ಯನನ್ನು ತಾವೇ ದಬ್ಬಿದ ಗತ್ತಿನಲ್ಲಿ.

"ನಂಗೆ ಇನ್ನೆರಡು ದಿನ ಬೇಕು ಕಣ್ರೀ. ಕೋಟಿಗೆ ಐದೈದು ಗುಂಡಿ. ಎಂಬತ್ತು ಐದಲಿ ನಾನೂರು. ನನಗಿರೋದು ಎರಡೇ ಕೈ."

"ಬಾಯನ್ನ ಲೆಕ್ಕಕ್ಕೆ ಹಿಡೀಲಿಲ್ಲ ನೀನು."

"ಎರಡು ಇಂಚು ಬಟ್ಟೆ ಸೇರಿಸೋಕೆ ನಿಮ್ಮ ಗಂಟೇನು ಹೋಗುತ್ತೆ?"

"ಅರ್ಧ ಇಂಚೂ ಇಲ್ಲ. ಇದು ಕಾಲಪಟ್ಟಿ ಕಣೇ, ನಿನ್ನ ಸೆರಗಲ್ಲ, ಬೇಕಾದಷ್ಟು ಎಳ್ಕೊಳ್ಳೋಕೆ."

ಹೀಗೆಂದವರು ಯಾರು? ಜನ್ಮವಿಡೀ ಹೊಲಿಗೆಯೊಳಗೆ ಎರಡು ಬೆರಳು ಬಟ್ಟೆ ಬಿಟ್ಟವರು. 'ಮನುಷ್ಯ ಊದ್ತಾನೆ, ಬಟ್ಟೆ ಊದಲ್ಲ, ಒಳಗೆ ಬಿಟ್ಟಿರಬೇಕು' ಎಂದು ಮೈದುನನಿಗೆ ಬೈದು ಬೈದು ಕಲಿಸಿದವರು. ಕಂಡವರ ಹೊಟ್ಟೆಗೆಲ್ಲ ಜಾಗ ಉಂಟು, ಹೆಂಡತಿಗೆ ಮಾತ್ರ ಇಲ್ಲ ಎಂದು ಗುಂಡಿಯಮ್ಮ ಆ ದಿನ ಸಂಜೆವರೆಗೆ ಮಾತು ಬಿಟ್ಟಳು. ಮಾಸ್ಟರ್ ಎಂಬತ್ತನೆಯ ಕೋಟು ಕತ್ತರಿಸಿ ಮುಗಿಸಿ, "ನನ್ನ ಪಟ್ಟಿ ಮುಗೀತು ನೋಡು" ಎಂದರು. ಅವಳು ನೋಡಲಿಲ್ಲ.

ಮರುದಿನ, ಎಂಟನೇ ತಾರೀಖು, ದಾರ ಸರಿಸಲು ಎದ್ದವರು ಗೋಡೆಯವರೆಗೆ ಹೋಗಲಿಲ್ಲ. ಕಟಿಂಗ್ ಮೇಜಿಗೆ ಒರಗಿದರು. ಎದೆ ಎಂದರು. ಅಷ್ಟೇ.

ಆರು ದಿನ ದಾರ ಏಳರಲ್ಲೇ ನಿಂತಿತ್ತು. ಮೆಷಿನ್ನಿಗೆ ಹೊದಿಸಿದ ಬಟ್ಟೆಯನ್ನು ಯಾರೂ ತೆಗೆಯಲಿಲ್ಲ.

ಹದಿನಾಲ್ಕರ ಬೆಳಿಗ್ಗೆ ಗುಂಡಿಯಮ್ಮ ಎದ್ದು ದಾರವನ್ನು ಒಂದೇ ಸಲಕ್ಕೆ ಏಳು ಇಂಚು ಎಳೆದಳು. ಕೆಂಪು ಪಟ್ಟಿ ಮುಗಿದೇ ಹೋಗಿತ್ತು. ಹೊಲಿದ ಕೋಟು ಹನ್ನೆರಡು. ಉಳಿದದ್ದು ಏಳು ದಿನ. ಅವಳು ಮೆಷಿನ್ನಿನ ಹೊದಿಕೆ ಎಳೆದು ಮೂಲೆಗೆಸೆದಳು.

ಅಂದಿನಿಂದ ಮನೆಯಲ್ಲಿ ಅವಳದೇ ಚಕ್ರಾಧಿಪತ್ಯ. ಮೈದುನ ಟೀ ಕುಡಿಯಲು ಎದ್ದರೆ ಟೇಪು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು.

"ಅತ್ತಿಗೇ, ಅಣ್ಣ ಇದ್ದಾಗ ಮೂತ್ರಕ್ಕಾದ್ರೂ ಬಿಡ್ತಿದ್ದ."

"ಪಟ್ಟೀಲಿ ಅದಿಲ್ಲ. ಕೂತ್ಕೋ."

"ಲೇ ತಾಯಿ, ನನ್ನ ಮಂಡಿ ಬಿಗಿದು ಹೋಯ್ತು" ಎಂದರು ಅತ್ತೆ.

"ದಾರ ಕತ್ತರಿಸೋದು ಕೈಯಲ್ಲಿ ಅತ್ತೇ. ಮಂಡಿಯಲ್ಲಲ್ಲ."

ಅಳಲು ಅವಳ ಪಟ್ಟಿಯಲ್ಲೂ ಜಾಗವಿರಲಿಲ್ಲ. ಕಣ್ಣು ಒದ್ದೆಯಾದರೆ ಸೂಜಿಗೆ ದಾರ ಪೋಣಿಸುವುದು ಕಷ್ಟ.

ಇಪ್ಪತ್ತನೇ ತಾರೀಖು ಬಂತು. ಮೂವತ್ತು ಕೋಟಿಗೆ ಗುಂಡಿಯಿಲ್ಲ, ಹತ್ತಕ್ಕೆ ತೋಳೇ ಇಲ್ಲ. ಗುಂಡಿಯಮ್ಮ ಸೆರಗು ಬಿಗಿದು ಆಸ್ಪತ್ರೆಗೆ ನಡೆದಳು. ಯಾರ ಹತ್ತಿರವೂ ಏನನ್ನೂ ಬೇಡದ ಹೆಂಗಸು, ದಾರಿಯುದ್ದಕ್ಕೂ ಬೇಡುವುದನ್ನು ಅಭ್ಯಾಸ ಮಾಡಿದಳು. ಸ್ಟೋರಿನ ಮೇಡಂ ಎದುರು ಕೈ ಮುಗಿದೇ ಬಿಟ್ಟಳು.

"ಮೇಡಂ, ನಾಳೆಗೆ ಆಗಲ್ಲ. ನಾಲ್ಕು ದಿನ ಕೊಡಿ. ಮನೆಯವರು ಹೋಗಿಬಿಟ್ರು."

ಮೇಡಂ ಎದ್ದು ಕುರ್ಚಿ ಎಳೆದು ಅವಳನ್ನು ಕೂರಿಸಿದರು. ಪುಸ್ತಕ ತೆಗೆದರು. "ನಾಳೆ ಯಾಕಮ್ಮಾ? ಇಪ್ಪತ್ತೆಂಟಕ್ಕೆ ಅಲ್ವಾ ಕೊಡೋದು? ನಿಮ್ಮ ಮಾಸ್ಟರೇ ಸೈನ್ ಮಾಡಿದ್ದಾರೆ. ಕೋಟು ಇಡೋಕೆ ನಮಗಿನ್ನೂ ಬೀರುವೇ ಬಂದಿಲ್ಲ."

ಗುಂಡಿಯಮ್ಮ ಮನೆಗೆ ಬಂದದ್ದು ಬೆಂಕಿಯಾಗಿ. "ಏಳು ದಿನ! ಏಳು ದಿನ ಬಚ್ಚಿಟ್ಟಿದ್ದಾರೆ ನಿಮ್ಮ ಮಗ! ನಾನು ಊರೆಲ್ಲಾ ಕೈ ಮುಗ್ಕೊಂಡು ಬಂದೆ!"

"ಸತ್ತವನ ಜೊತೆಗಾದ್ರೂ ಜಗಳ ಬಿಡೇ" ಎಂದರು ಅತ್ತೆ.

ಬಿಡಲಿಲ್ಲ. ಹಸಿರು ಪಟ್ಟಿಯನ್ನು ಹಿಡಿದು ಜಗ್ಗಿದಳು. ಪಿನ್ನು ಕಿತ್ತುಬಂತು. ಪಟ್ಟಿ ಕೈಯಲ್ಲಿ ಉದ್ದವಾಯಿತು. ತುದಿಯ ಎರಡು ಇಂಚನ್ನು ಒಳಕ್ಕೆ ಮಡಿಸಿ ಇಸ್ತ್ರಿ ಮಾಡಿದ್ದರು. ಮಡಿಕೆಯೊಳಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆದಿತ್ತು: ಇವಳ ಜಗಳಕ್ಕೆ.

ಕೆಂಪಿನಲ್ಲಿ ಮೂರು ಇಂಚು: ಇವನ ಸೋಮಾರಿತನಕ್ಕೆ. ಕಪ್ಪಿನಲ್ಲಿ ಎರಡು: ಅಮ್ಮನ ಮಂಡಿಗೆ.

ಇಪ್ಪತ್ತು ವರ್ಷ ಟೈಲರ್ ಜೊತೆ ಬಾಳಿದವಳು, ಕಂಡವರ ಕೋಟಿನ ಒಳಮಡಿಕೆ ಬೆರಳಲ್ಲೇ ಹೇಳುವವಳು, ಗೋಡೆಯ ಮೇಲಿನದನ್ನು ಕಾಣಲಿಲ್ಲ. ಮೈದುನ ಮೊದಲು ನಕ್ಕ. ಆಮೇಲೆ ಅತ್ತೆ. ಗುಂಡಿಯಮ್ಮನಿಗೂ ನಗು ಬಂದು, ಆ ನಗು ಎಲ್ಲಿಗೋ ಹೋಯಿತು.

ಕೊನೆಗೆ ನೀಲಿ ಪಟ್ಟಿ ತೆಗೆದು ತಿರುಗಿಸಿದಳು. ಅದರಲ್ಲಿ ಮಡಿಕೆಯಿರಲಿಲ್ಲ. ಸರಿಯಾಗಿ ಏಳು ಇಂಚು, ಎರಡೂ ತುದಿಯಲ್ಲಿ ಮಡಿಸದೆ ಕತ್ತರಿಸಿದ ಅಂಚು. ಮಾಸ್ಟರ್ ತಮಗೆಂದು ಒಂದು ನೂಲೂ ಬಿಟ್ಟುಕೊಂಡಿರಲಿಲ್ಲ.

ಕೋಟುಗಳು ಇಪ್ಪತ್ತಾರಕ್ಕೇ ಹೋದವು. ಜಗಳದ ಎರಡು ದಿನ ಹಾಗೇ ಉಳಿದವು. ಆಡುವುದಾದರೂ ಯಾರ ಜೊತೆ?

ವರ್ಷದ ಆರ್ಡರ್ ಸಿಕ್ಕಿತು. ಈಗ ಗೋಡೆಗೆ ಹೊಸ ಕಾಗದ ಬಂದಿದೆ. ಕಟಿಂಗ್ ಗುಂಡಿಯಮ್ಮನೇ ಮಾಡುತ್ತಾಳೆ, ಅಳತೆಗೆ ಮೈದುನ ಹೋಗುತ್ತಾನೆ. ಅವನ ಸೋಮಾರಿತನಕ್ಕೆ ನಾಲ್ಕು ಇಂಚು ಮಾಡಿದ್ದಾಳೆ. ನೀಲಿಗೂ ಎರಡು ಇಂಚು ಮಡಿಸಿದ್ದಾಳೆ. ಒಳಗೆ ಏನು ಬರೆದಿದ್ದಾಳೆಂದು ಯಾರಿಗೂ ತೋರಿಸಿಲ್ಲ. ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲು ಕಟಿಂಗ್ ಮೇಜನ್ನು ಸುತ್ತಿ ಗೋಡೆಯ ಹತ್ತಿರ ಹೋಗುತ್ತಾಳೆ. ಪಿನ್ನು ಕೀಳುತ್ತಾಳೆ, ದಾರವನ್ನು ಒಂದು ಇಂಚು ಮುಂದೆ ಚುಚ್ಚುತ್ತಾಳೆ, ಗುಂಡಿ ಅಲುಗಾಡುವುದು ನಿಲ್ಲುವವರೆಗೆ ಕಾಯುತ್ತಾಳೆ.