ಮುನಿಶಾಮಪ್ಪನವರ ಎಡೆ ಪ್ರಕರಣ

ತೀರಿಕೊಂಡು ನಾಲ್ಕು ವರ್ಷವಾದ ಮೇಲೆ, ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಒಂದೂವರೆ ಗಂಟೆಗೆ, ಕೆಂಪಾಪುರದ ಮುನಿಶಾಮಪ್ಪನವರು ಮೂರು ಕೈಮ ಉಂಡೆ ತಿಂದು, ಕ್ವಾರ್ಟರ್ ಬ್ರಾಂದಿಯಲ್ಲಿ ಅರ್ಧ ಖಾಲಿ ಮಾಡಿದರು. ಮನೆಯವರೆಲ್ಲ ಹಾಗೆಂದು ನಂಬಿದರು. ನಂಬದೆ ಉಳಿದವನು ಒಬ್ಬನೇ, ಮಹಡಿಯ ಮೇಲಿನ ಶೀಟ್ ರೂಮಿನ ಬಾಡಿಗೆದಾರ ವಿಜಯ್ ಕುಮಾರ್. ಅವನಿಗೆ ನಂಬುವ ಅನುಕೂಲ ಇರಲಿಲ್ಲ.

ವಿಷಯ ಇಷ್ಟೇ. ಮಗ ಮಹೇಂದ್ರನಿಗೆ ಹಳೇ ಮನೆ ಕೆಡವಿ, ಬಿಲ್ಡರ್ ಕೈಲಿ ಐದು ಮಹಡಿ ಎಬ್ಬಿಸುವ ಆಸೆ. ತಾಯಿ ಪಟಾಲಮ್ಮ ಗಂಡನ ಹನ್ನೊಂದನೇ ದಿನದ ಕಾರ್ಯದಲ್ಲೇ, ನೆಂಟರೆಲ್ಲ ಕೂತಿರುವಾಗ ಎದೆ ಬಡಿದುಕೊಂಡು ಹೇಳಿಬಿಟ್ಟಿದ್ದರು: "ಇದು ಅವ್ರು ಕಟ್ಟಿದ ಮನೆ. ಅವ್ರು ಊಂ ಅನ್ನದೆ ಒಂದು ಇಟ್ಟಿಗೆ ಕೀಳಂಗಿಲ್ಲ." ಸತ್ತವರು ಹೂಂ ಅನ್ನುವುದು ಹೇಗೆ? ಅದಕ್ಕೂ ಅಲ್ಲೇ ತೀರ್ಮಾನವಾಯಿತು. ಹಿರಿಯರ ಹಬ್ಬದಲ್ಲಿ ಅವರಿಗಿಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಎಡೆ ಇಟ್ಟು, ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಎಲ್ಲರೂ ಆಚೆ ಬರುತ್ತಾರಲ್ಲ, ಆ ಹೊತ್ತಿನಲ್ಲಿ ಅವರು ಬಂದು ಎಡೆ ಮುಟ್ಟಿದರೆ ಒಪ್ಪಿಗೆ ಎಂದು ಅರ್ಥ. ಮೂರು ವರ್ಷ ಎಡೆ ಮುಟ್ಟಿದ್ದು ಇರುವೆಗಳು ಮಾತ್ರ. ವಿಜಯ್ ಕುಮಾರ್ ನಿಶ್ಚಿಂತೆಯಾಗಿದ್ದ.

ಅವನು ಹೆಬ್ಬಾಳದ ಕಡೆಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಲ್ಯಾಬ್ ಅಸಿಸ್ಟೆಂಟು. ವಯಸ್ಸು ಮೂವತ್ತೆರಡು, ಮದುವೆಯಿಲ್ಲ. ಮದುವೆಯಿಲ್ಲದವನಿಗೆ ಯಲಹಂಕದಿಂದ ಆರ್.ಟಿ. ನಗರದವರೆಗೆ ಯಾರೂ ಮನೆ ಕೊಡುವುದಿಲ್ಲ ಎಂಬುದನ್ನು ಐದು ತಿಂಗಳು ಅಲೆದು ಖಚಿತ ಮಾಡಿಕೊಂಡಿದ್ದ. ಪಟಾಲಮ್ಮ ಮಾತ್ರ, "ಕುಡೀತೀಯಾ? ಇಲ್ವಾ? ಸರಿ, ಮೇಲ್ಗಡೆ ಇರು" ಅಂದಿದ್ದರು. ಆ ರೂಮು ಬೇಸಿಗೆಯಲ್ಲಿ ಇಡ್ಲಿ ಪಾತ್ರೆ, ಮಳೆಗಾಲದಲ್ಲಿ ತಮಟೆ. ಆದರೂ ಗೋಡೆಯುದ್ದಕ್ಕೂ ಇನ್ನೂರು ಪುಸ್ತಕ ಹಿಡಿಯುತ್ತಿತ್ತು.

ಸಹಕಾರನಗರದಲ್ಲಿ ಒಂದು ಲೈಬ್ರರಿ ಮುಚ್ಚಿದಾಗ ಮೂಟೆಯಲ್ಲಿ ಹೊತ್ತು ತಂದ ಪುಸ್ತಕಗಳು ಅವು. ಎಲ್ಲವೂ ಒಂದೇ ಜಾತಿಯವು. ಕೋಜಿ ಮಿಸ್ಟರಿ ಅನ್ನುತ್ತಾರೆ, ಬೆಚ್ಚಗೆ ಹೊದ್ದುಕೊಂಡು ಓದುವ ಕೊಲೆಗಳು. ಕೊಲೆ ಇರುತ್ತದೆ, ರಕ್ತ ಇರುವುದಿಲ್ಲ. ನಲವತ್ತು ಮನೆಯ ಊರು, ತಿಂಗಳಿಗೊಂದು ಹೆಣ ಬೀಳುತ್ತದೆ, ಆದರೂ ಒಬ್ಬರೂ ಊರು ಬಿಡುವುದಿಲ್ಲ. ಬಾಡಿಗೆ ಮನೆ ಸಿಗದ ಕಷ್ಟ ಅಲ್ಲಿಯೂ ಇರಬೇಕೆಂದು ವಿಜಯ್ ಕುಮಾರ್ ಅಂದುಕೊಂಡಿದ್ದ. ಮೊದಲ ಅಧ್ಯಾಯದಲ್ಲಿ ಪಾದ್ರಿಯ ತೋಟದಲ್ಲಿ ಹೆಣ ಸಿಗುತ್ತದೆ, ಎರಡನೆಯದರಲ್ಲಿ ಎಲ್ಲರೂ ಕೇಕ್ ತಿನ್ನುತ್ತಿರುತ್ತಾರೆ. ಇನ್ಸ್‌ಪೆಕ್ಟರ್ ದಡ್ಡ. ಸ್ವೆಟರ್ ಹೆಣೆಯುವ ಮುದುಕಿ ಬುದ್ಧಿವಂತೆ. ಬೆಕ್ಕು ಕಡ್ಡಾಯ. ಕೊನೆಗೆ ಆ ಮುದುಕಿ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಹದಿನೆಂಟು ಪುಟ ಮಾತಾಡುತ್ತಾಳೆ. ಕೊಲೆಗಾರ ಓಡಿಹೋಗದೆ ಅಷ್ಟನ್ನೂ ಕೇಳಿಸಿಕೊಂಡು, ಆಮೇಲೆ ತಾನೇ ಬಾಯಿಬಿಟ್ಟು ಒಪ್ಪಿಕೊಳ್ಳುತ್ತಾನೆ. ಇಂಥ ಮರ್ಯಾದಸ್ಥ ಕೊಲೆಗಾರರು ನಮ್ಮ ಕಡೆ ಹುಟ್ಟುವುದಿಲ್ಲ ಎಂಬ ಕೊರಗು ಅವನಿಗಿತ್ತು. ಇನ್ನೂರು ಓದಿದ ಮೇಲೆ ತೊಂಬತ್ತನೇ ಪುಟಕ್ಕೇ ಅಪರಾಧಿ ಯಾರೆಂದು ತನಗೆ ಗೊತ್ತಾಗುತ್ತದೆ ಎಂಬ ಧೈರ್ಯವೂ ಬಂದಿತ್ತು. ಹಾಗೆ ಗೊತ್ತಾದದ್ದರಲ್ಲಿ ನೂರತೊಂಬತ್ತು ತಪ್ಪಾಗಿದ್ದವು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಅವತ್ತು ಕೆಳಗಡೆ ಊಟಕ್ಕೆ ಕರೆಯುವುದನ್ನೇ ಕಾಯುತ್ತ ಓದುತ್ತಿದ್ದ. ಊಟದ ಕರೆಯ ಬದಲು ಮಹೇಂದ್ರನ ಕೂಗು ಕೇಳಿಸಿತು.

"ಅಪ್ಪ ಬಂದಿದ್ರು! ಅಯ್ಯೋ, ಅಪ್ಪ ಬಂದು ತಿಂದಿದ್ದಾರೆ!"

ವಿಜಯ್ ಕುಮಾರ್ ಎರಡೆರಡು ಮೆಟ್ಟಿಲು ಹಾರಿ ಇಳಿದ. ಹಾಲ್‌ನಲ್ಲಿ ಮಹೇಂದ್ರ ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತ, ಇನ್ನೊಂದರಲ್ಲಿ ಫೋನ್ ಹಿಡಿದಿದ್ದ. "ಸಾರ್, ಭಾನುವಾರ ಬಂದ್ಬಿಡಿ ಸಾರ್. ಹೌದು, ಫಾದರ್ ಒಪ್ಪಿದ್ರು. ಹಾ... ತೀರ್ಕೊಂಡಿರೋ ಫಾದರೇ ಸಾರ್." ಅವನ ಹೆಂಡತಿ ಯಶೋಧಾ ಊದುಬತ್ತಿಯ ಕಟ್ಟನ್ನೇ ಹಚ್ಚುತ್ತಿದ್ದಳು. ಮುನಿಶಾಮಪ್ಪನವರ ತಮ್ಮ ರಾಮಕೃಷ್ಣಪ್ಪ ಅಣ್ಣನ ಫೋಟೊಗೆ ಅಡ್ಡಬಿದ್ದು, ಏಳಲಾಗದೆ ಹಾಗೇ ಇದ್ದರು. ಪಟಾಲಮ್ಮ ಗೋಡೆಗೊರಗಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೂತಿದ್ದರು, ಅಳುತ್ತಿರಬೇಕು.

"ವಿಜಯ್, ಒಂದ್ ತಿಂಗ್ಳಲ್ಲಿ ಬೇರೆ ರೂಮ್ ನೋಡ್ಕೊಳಿ," ಎಂದ ಮಹೇಂದ್ರ. "ಬೇಜಾರ್ ಮಾಡ್ಕೋಬೇಡಿ. ನಮ್ಮಪ್ಪನ ಆರ್ಡರು."

ವಿಜಯ್ ಕುಮಾರನ ಕಣ್ಣ ಮುಂದೆ ಐದು ತಿಂಗಳ ಅಲೆದಾಟ ಮತ್ತೆ ಸಾಲಾಗಿ ನಿಂತಿತು. ಇನ್ನೂರು ಪುಸ್ತಕ ಓದುವಾಗಲೂ ಒಮ್ಮೆಯಾದರೂ ಹೇಳಬೇಕೆಂದು ಆಸೆಪಟ್ಟಿದ್ದ ಮಾತು ತಾನಾಗಿ ಹೊರಬಂತು.

"ಯಾರೂ ಈ ಮನೆ ಬಿಟ್ಟು ಆಚೆ ಹೋಗೋ ಹಾಗಿಲ್ಲ!"

"ಊಟದ ಹೊತ್ತು. ಯಾರ್ ಹೋಗ್ತಾರೆ?" ಅಂದಳು ಯಶೋಧಾ.

ಅವನು ಎಡೆ ಇಟ್ಟಿದ್ದ ನಡುಕೋಣೆಗೆ ನುಗ್ಗಿದ. ಹೊಸ ಪಂಚೆ, ಬೀಡಿ ಕಟ್ಟು, ಮುದ್ದೆ, ಕಜ್ಜಾಯ ಎಲ್ಲ ಇದ್ದಂತೇ ಇದ್ದವು. ಐದು ಕೈಮ ಉಂಡೆಯಲ್ಲಿ ಎರಡು ಉಳಿದಿದ್ದವು, ಮುಚ್ಚಳ ಹಾಕಿದ್ದ ಬ್ರಾಂದಿ ಬಾಟಲಿ ಅರ್ಧ ಖಾಲಿಯಾಗಿತ್ತು. ಕೋಣೆಗೆ ಹಾಲ್ ಕಡೆಗೊಂದು, ಅಡುಗೆಮನೆ ಕಡೆಗೊಂದು ಬಾಗಿಲು. ಅಡುಗೆಮನೆಯದಕ್ಕೆ ಚಿಲಕ ಹಾಕಿರಲಿಲ್ಲ, ಸುಮ್ಮನೆ ಮುಂದೆ ಮಾಡಿತ್ತು.

"ಅಕ್ಕ, ಈ ಬಾಗ್ಲಿಗೆ ಚಿಲಕ ಹಾಕಿರ್ಲಿಲ್ವಾ?"

"ಯಾಕ್ ಹಾಕ್ಬೇಕು? ಮಾವನೋರು ಬರೋಕೆ ಒಂದು ದಾರಿ ಬೇಡ್ವಾ?"

ವಿಚಾರಿಸಿದಾಗ ಇನ್ನೊಂದು ಸಂಗತಿ ತಿಳಿಯಿತು. ಆ ಅರ್ಧ ಗಂಟೆ ಎಲ್ಲರೂ ಜಗಲಿಯಲ್ಲಿ ಕೂತಿದ್ದರೂ, ಒಬ್ಬೊಬ್ಬರೂ ಒಂದೊಂದು ಸಲ ಹಿತ್ತಲಿಗೆ ಹೋಗಿಬಂದಿದ್ದರು. ಹಿತ್ತಲಿನಿಂದ ಅಡುಗೆಮನೆಗೆ ಎರಡೇ ಹೆಜ್ಜೆ.

ಆಗ ಬೆಕ್ಕು ಮಿಯಾಂವ್ ಎಂದಿತು.

ಪಕ್ಕದ ಮನೆ ರತ್ನಕ್ಕನ ಬೆಕ್ಕು. ರತ್ನಕ್ಕ ಮೊದಲ ಕೂಗಿಗೇ ಕಾಂಪೌಂಡಿನ ಮೇಲೆ ಗದ್ದವಿಟ್ಟು ನಿಂತಿದ್ದರು. ವಿಜಯ್ ಕುಮಾರ್ ಬೆಕ್ಕಿನ ಕಡೆ ಬೆರಳು ತೋರಿಸಿದ್ದೇ ತಡ, ಅದನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೇ ಬಂದರು.

"ಏನಪ್ಪಾ ಲ್ಯಾಬು, ನಮ್ ಬೆಕ್ಕು ಬಾಟ್ಲಿ ಮುಚ್ಚಳ ತಿರುಗ್ಸಿ, ಅರ್ಧ ಕುಡ್ದು, ಮತ್ತೆ ಮುಚ್ಚಳ ಹಾಕಿ ಬಂತಾ? ಅಷ್ಟ್ ಬುದ್ಧಿ ಇದ್ದಿದ್ರೆ ನಿಮ್ ಕಾಲೇಜಿಗೇ ಸೇರಿಸ್ತಿದ್ದೆ. ತಗೋ, ಬಾಯಿ ಮೂಸಿ ನೋಡು!"

ಅವನು ನಿಜವಾಗಿಯೂ ಮೂಸಿದ. ಬೆಕ್ಕು ಅವನ ಮೂಗಿನ ಮೇಲೆ ಮೂರು ಗೆರೆ ಎಳೆಯಿತು. ಕೋಜಿ ಪುಸ್ತಕಗಳಲ್ಲಿ ಬೆಕ್ಕು ಸುಳಿವು ಕೊಡುತ್ತದೆ, ಅರಿಶಿನ ಹಚ್ಚಿಕೊಳ್ಳುವಂತೆ ಮಾಡುವುದಿಲ್ಲ.

ಹಳದಿ ಮೂಗಿನ ಪತ್ತೇದಾರ ರಾಮಕೃಷ್ಣಪ್ಪನವರ ಮುಂದೆ ಹೋಗಿ ನಿಂತ. "ತಾತ, ಸ್ವಲ್ಪ ಬಾಯಿ ತೆಗೀರಿ."

ಬಾಯಿ ತೆರೆದರು. ವಾಸನೆಗೆ ವಿಜಯ್ ಕುಮಾರನ ಕಣ್ಣಲ್ಲಿ ನೀರು ಬಂತು. "ಸಿಕ್ತು! ಬ್ರಾಂದಿ!"

"ರಮ್ಮು ಕಣಯ್ಯಾ," ಎಂದು ಅವರು ಸೊಂಟದಿಂದ ಸ್ವಂತ ಬಾಟಲಿ ತೆಗೆದು ಎಲ್ಲರಿಗೂ ತೋರಿಸಿದರು. "ಬೆಳಗ್ಗೆ ಅತ್ತಕ್ಕೆ ಸುರು ಮಾಡಿದ್ದು. ನಂದೇ ಇನ್ನೂ ಮುಗ್ದಿಲ್ಲ, ಅಣ್ಣಂದು ಯಾಕ್ ಮುಟ್ಲಿ? ಲ್ಯಾಬಲ್ಲಿ ಇರೋನ್ಗೆ ಇಷ್ಟೂ ಗೊತ್ತಾಗಲ್ವಾ?"

"ಚಿಕ್ಕಪ್ಪಾ! ಎಡೆ ಇಡೋ ದಿನ!" ಎಂದ ಮಹೇಂದ್ರ.

"ಅದುಕ್ಕೇ ಸೊಂಟ್ದಲ್ಲಿ ಇಟ್ಕೊಂಡಿದ್ದು."

ಇನ್ನು ಉಳಿದಿದ್ದು ಕೊನೆಯ ಅಧ್ಯಾಯ. ವಿಜಯ್ ಕುಮಾರ್ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿದ. ಯಾರೂ ಕರೆಯದ ರತ್ನಕ್ಕ ಫ್ಯಾನಿನ ಕೆಳಗಿನ ಕುರ್ಚಿ ಹಿಡಿದರು. ಅವನು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅತ್ತಿಂದಿತ್ತ ನಡೆದ.

"ಒಂದು ಪ್ರಶ್ನೆ ಕೇಳ್ಕೊಳ್ಳೋಣ. ಈ ಸಾವಿನಿಂದ... ಅಲ್ಲ, ಈ ಊಟದಿಂದ ಯಾರಿಗೆ ಲಾಭ?"

"ಬೇಗ ಹೇಳಪ್ಪ, ನಂಗೆ ಧಾರಾವಾಹಿ ಇದೆ," ಎಂದರು ರತ್ನಕ್ಕ.

"ಕುಕ್ಕರಲ್ಲಿ ಅನ್ನ ತಣ್ಣಗಾಗ್ತಿದೆ," ಎಂದಳು ಯಶೋಧಾ.

ಹದಿನೆಂಟು ಪುಟದ ಭಾಷಣ ಎರಡು ವಾಕ್ಯಕ್ಕೆ ಇಳಿಯಿತು. "ಮನೆ ಕೆಡವ್ಬೇಕು ಅಂತ ಆಸೆ ಯಾರಿಗಿದೆ? ಫೋನ್ ಮಾತಾಡೋ ನೆಪದಲ್ಲಿ ಹಿತ್ತಲಿಗೆ ಹೋಗಿದ್ದು ಯಾರು? ಮಹೇಂದ್ರಣ್ಣ, ಎಡೆ ತಿಂದಿದ್ದು ನೀವು!"

ಮಹೇಂದ್ರ ಓಡಲಿಲ್ಲ ನಿಜ. ಆದರೆ ಪುಸ್ತಕದವರಂತೆ ಒಪ್ಪಿಕೊಳ್ಳಲೂ ಇಲ್ಲ. ಅಷ್ಟು ವರ್ಷದ 'ನೀವು' ಒಂದೇ ಕ್ಷಣದಲ್ಲಿ ಹಾರಿಹೋಯಿತು.

"ಏಯ್! ನಮ್ಮಪ್ಪನ ಎಡೇನ ನಾನು ತಿಂತೀನೇನೋ? ತಿಂಗ್ಳೂ ಇಲ್ಲ ಏನೂ ಇಲ್ಲ, ಇವತ್ತೇ ಗಂಟುಮೂಟೆ ಕಟ್ಟು! ಬೇಕಾದ್ರೆ ನಮ್ಮಮ್ಮನ ತಲೆ ಮೇಲೆ ಕೈಯಿಟ್ಟು ಪ್ರಮಾಣ ಮಾಡ್ತೀನಿ!"

ಅವನು ಕೈ ಚಾಚಿಕೊಂಡು ಬರುವುದನ್ನು ನೋಡಿ ಪಟಾಲಮ್ಮ ತಲೆ ಪಕ್ಕಕ್ಕೆ ಎಳೆದುಕೊಂಡರು.

"ನನ್ ತಲೆ ತಂಟೆಗೆ ಬರಬ್ಯಾಡ. ಒತ್ತಾಯ್ತು, ಮೊದ್ಲು ಎಲೆ ಆಕ್ರೋ. ಯಶೋಧಾ, ಕೈಮ ಉಂಡೆ ಸಪ್ಪೆ ಆಗವೆ, ಬಡಿಸೋವಾಗ ಮೇಲೆ ಚೂರು ಉಪ್ಪು ಉದುರ್ಸಮ್ಮ."

ಯಶೋಧಾಳ ಮುಖ ಕೆಂಪಾಯಿತು. "ನಾಲ್ಕು ಗಂಟೆಗೆ ಎದ್ದು ಮಾಡಿದೀನಿ ಅತ್ತೆ. ಹಿರಿಯರ ಅಡುಗೆ ಎಡೆ ಎತ್ತೋವರ್ಗೂ ರುಚಿ ನೋಡೋ ಹಂಗಿಲ್ಲ, ಕಣ್ಣಂದಾಜಲ್ಲಿ ಉಪ್ಪು ಹಾಕಿದ್ರೆ ಹಾಗೇ ಆಗೋದು!"

ವಿಜಯ್ ಕುಮಾರ್ ಮಹೇಂದ್ರನನ್ನು ಬಿಟ್ಟು ಯಶೋಧಾಳ ಕಡೆ ತಿರುಗಿದ.

"ಅಕ್ಕ, ಯಾರೂ ರುಚಿ ನೋಡಿಲ್ವಾ?"

"ಇಲ್ಲ ಅಂದ್ನಲ್ಲಾ."

"ಹಾಗಾದ್ರೆ ಅಜ್ಜಿ, ಸಪ್ಪೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಎಲ್ಲರೂ ಪಟಾಲಮ್ಮನ ಕಡೆ ತಿರುಗಿದರು. ಬೆಕ್ಕು ಕೂಡ ನೆಕ್ಕುವುದನ್ನು ನಿಲ್ಲಿಸಿತು. ಪಟಾಲಮ್ಮ ಜೀವನದಲ್ಲಿ ಎಂತೆಂಥ ಗುಟ್ಟುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಹೆಂಗಸು. ಸೊಸೆಯ ಅಡುಗೆಗೆ ಉಪ್ಪು ಕಡಿಮೆ ಎಂಬುದನ್ನು ಮಾತ್ರ ಇಟ್ಟುಕೊಳ್ಳಲು ಆಗಿರಲಿಲ್ಲ.

"ಅದೂ... ಅವ್ರು ಕನಸಲ್ಲಿ ಬಂದು ಏಳಿದ್ರು."

"ಯಾವಾಗ ಅಜ್ಜಿ? ಅಡುಗೆ ಆಗಿದ್ದೇ ಹನ್ನೆರಡು ಗಂಟೆಗೆ. ನೀವು ಆಮೇಲೆ ಮಲಗೇ ಇಲ್ಲ."

ಪಟಾಲಮ್ಮ ಸೊಸೆಯನ್ನು ನೋಡಿದರು, ಮೈದುನನನ್ನು ನೋಡಿದರು, ಸೆರಗನ್ನು ಕೆಳಗೆ ಬಿಟ್ಟರು.

"ಔದು ಕಣೋ. ನಾನೇ ತಿಂದೆ. ಏನೀಗ?"

ವಿಜಯ್ ಕುಮಾರ್ ಗಾಳಿಯಲ್ಲಿ ಒಂದಡಿ ಜಿಗಿದ. "ಕೇಳಿಸ್ಕೊಂಡ್ರಲ್ಲಾ! ಎಡೆ ಮುಟ್ಟಿದ್ದು ತಾತ ಅಲ್ಲ! ಅಂದ್ರೆ ತಾತನ ಒಪ್ಪಿಗೆ ಇಲ್ಲ! ಅಂದ್ರೆ ಈ ಮನೆಯ ಒಂದು ಇಟ್ಟಿಗೆನೂ ಯಾರೂ ಕೀಳೋ ಹಾಗಿಲ್ಲ!" ಆ ಅರ್ಧ ನಿಮಿಷ ಬೆಂಗಳೂರಿನ ಉತ್ತರ ಭಾಗದಲ್ಲಿ ಅವನಷ್ಟು ಸುಖಿ ಇನ್ನೊಬ್ಬನಿರಲಿಲ್ಲ. ಓಡಿಹೋಗದ, ತಾನಾಗಿ ಒಪ್ಪಿಕೊಂಡ, ಮರ್ಯಾದಸ್ಥ ಅಪರಾಧಿ ಅವನಿಗೆ ಕೆಂಪಾಪುರದಲ್ಲೇ ಸಿಕ್ಕಿದ್ದಳು.

ಮಹೇಂದ್ರ ಮಾತ್ರ ತಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟಿದ್ದ. "ಯಾಕಮ್ಮಾ? ಮನೆ ಕೆಡವ್ಬಾರ್ದು ಅಂತಿದ್ದೋಳು ನೀನೇ ಅಲ್ವಾ?"

"ಅವತ್ತು ಅಂದೆ. ಅಷ್ಟ್ ಜನ ಕೂತಿದ್ರು, ಅಳೂ ಬಂದಿತ್ತು, ಬಾಯಿಗ್ ಬಂದಿದ್ದು ಅಂದ್ಬುಟ್ಟೆ. ಆರೇ ತಿಂಗ್ಳಿಗೆ ಮಂಡಿ ಇಡ್ಕೊಂತು. ಈ ಮಂಡೀಲಿ ಇತ್ತಲ ಕಕ್ಕಸಿಗೆ ನಡಿಯೋದು ನನ್ಗೊತ್ತು. ಆ ಬಿಲ್ಡರು ಲಿಫ್ಟು, ಕುರ್ಚಿ ತರ ಕಕ್ಕಸು ಎಲ್ಲಾ ಪಟದಲ್ಲಿ ತೋರಿಸ್ದ ನೋಡು, ಅವತ್ತೇ ನಾನು ಒಪ್ಪಿದ್ದೆ. ಆದ್ರೆ ಎಂಗ್ ಏಳ್ಲಿ? ಎದೆ ಬಡ್ಕೊಂಡು ಆಡಿದ ಮಾತು ವಾಪಸ್ ತಗಂಡ್ರೆ ನಿಮ್ ಚಿಕ್ಕಪ್ಪ ಊರೆಲ್ಲಾ ನಗಾಡಲ್ವಾ?"

"ನಗಾಡ್ತಿದ್ದೆ," ಎಂದು ರಾಮಕೃಷ್ಣಪ್ಪ ಒಪ್ಪಿಕೊಂಡರು.

"ಮೂರು ವರ್ಸ ಕಾದೆ. ಬದುಕಿದ್ದಾಗ್ಲೇ ಕರ್ದಾಗ ಊಟಕ್ ಬಂದ ಮನುಸ ಅಲ್ಲ, ಸತ್ ಮೇಲೆ ಬತ್ತಾರಾ? ಅದುಕ್ಕೇ ಅವ್ರ ಬದ್ಲು ನಾನೇ ತಿಂದೆ. ಬ್ರಾಂದಿ ಅರ್ಧ ಬಚ್ಚಲಿಗೆ ಸುರಿದೆ."

"ಬಚ್ಚಲಿಗಾ!" ಎಂದು ರಾಮಕೃಷ್ಣಪ್ಪ ಎದೆ ಹಿಡಿದುಕೊಂಡರು. ಆ ದಿನದ ನಿಜವಾದ ಕೊಲೆ ಅವರ ಪಾಲಿಗೆ ಅದೇ.

"ಒಂದು ಗುಟುಕು ರುಚಿ ನೋಡ್ದೆ. ಥೂ! ಈ ಕಸಾಯಕ್ಕೋಸ್ಕರ ಅವ್ರು ನಲವತ್ತು ವರ್ಸ ಸಂಜೆ ಆದ್ರೆ ನನ್ ಬುಟ್ಟು ಓಡ್ತಿದ್ರಾ ಅಂತ."

ಮಹೇಂದ್ರ ಅಮ್ಮನನ್ನು ತಬ್ಬಿಕೊಂಡ. ಯಶೋಧಾ ಉಪ್ಪಿನ ವಿಷಯ ಮರೆತು ಅತ್ತೆಯ ಮಂಡಿ ಒತ್ತಿದಳು. ಕಾಂಪೌಂಡ್ ದಾಟಿ ಬಂದಿದ್ದ ರತ್ನಕ್ಕ ಎಲ್ಲರಿಗಿಂತ ಜೋರಾಗಿ ಅತ್ತರು.

"ಒಂದ್ ನಿಮಿಷ, ಒಂದ್ ನಿಮಿಷ," ಎಂದು ವಿಜಯ್ ಕುಮಾರ್ ಮಧ್ಯೆ ಬಂದ. ಅವನ ದನಿ ಕೀರಲಾಗಿತ್ತು. "ಕಾನೂನು ಕಾನೂನೇ ಅಲ್ವಾ? ಅಜ್ಜಿ ಒಪ್ಪಿದ್ದಾರೆ, ಸರಿ. ತಾತ ಒಪ್ಪಿಲ್ವಲ್ಲ!"

ಹಿರಿಯ ಸ್ಥಾನದಲ್ಲಿದ್ದ ರಾಮಕೃಷ್ಣಪ್ಪ ಗಂಟಲು ಸರಿಮಾಡಿಕೊಂಡರು. "ನಮ್ಮಣ್ಣ ಬದುಕಿರೋವಾಗ ಅತ್ಗೆ ಊಂ ಅಂದಿದ್ದಕ್ಕೆ ಯಾವತ್ತಾದ್ರೂ ಊಊಂ ಅಂದಿದ್ನಾ? ಅಂಗಂದ್ ಮೇಲೆ ಅತ್ಗೆ ತಿಂದ್ರೆ ಅವ್ನೇ ತಿಂದಂಗೆ. ಮುಗೀತು."

ಮುಗಿಯಿತು. ಮಹೇಂದ್ರ ಆಗಲೇ ಫೋನ್ ಕಿವಿಗಿಟ್ಟಿದ್ದ. "ಸಾರ್, ಭಾನುವಾರ ಬೇಡ, ನಾಳೆನೇ ಬನ್ನಿ. ಮದರ್ರೂ ಓಕೆ." ಫೋನಿಟ್ಟು ವಿಜಯ್ ಕುಮಾರನ ಹೆಗಲ ಮೇಲೆ ಕೈಹಾಕಿದ. ಕಣ್ಣಲ್ಲಿ ಇನ್ನೂ ನೀರಿತ್ತು, 'ನೀವು' ವಾಪಸ್ ಬಂದಿತ್ತು.

"ವಿಜಯ್, ನಿಮ್ ಉಪಕಾರ ಮರೆಯಲ್ಲ. ನೀವಿಲ್ದಿದ್ರೆ ಅಮ್ಮನ ಮನಸ್ಸಲ್ಲಿ ಏನಿದೆ ಅಂತ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಅಮ್ಮಂಗೆ ಕಷ್ಟ ಆಗುತ್ತೆ, ನಿಧಾನಕ್ಕೆ ಕೆಡವೋಣ ಅಂತ ಒಂದ್ ತಿಂಗ್ಳು ಅಂದಿದ್ದೆ. ಈಗ ಅವರಿಗೇ ಅವಸರ ಅಂದ್ಮೇಲೆ ಏನು? ಒಂದ್ ವಾರದಲ್ಲಿ ಖಾಲಿ ಮಾಡ್ಬಿಡಿ."

"ಹೊಸ ಬಿಲ್ಡಿಂಗಲ್ಲಿ... ಒಂದ್ ಸಣ್ಣ ರೂಮು..."

"ಫ್ಯಾಮಿಲಿಗೆ ಮಾತ್ರ ಅಂತ ಬಿಲ್ಡರ್ ಅಗ್ರಿಮೆಂಟಲ್ಲೇ ಬರ್ದಿದ್ದಾರೆ ಕಣ್ರೀ. ಬನ್ನಿ, ಊಟಕ್ಕೆ ಕೂರಿ, ಇವತ್ತು ಮೊದಲ ಎಲೆ ನಿಮಗೇ."

ಪಟಾಲಮ್ಮನೇ ಎದ್ದು ಬಂದು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಯಶೋಧಾ ಮುದ್ದೆ ಇಟ್ಟು, ಸಾರು ಸುರಿದು, ಅದು ಮುಗಿಯುವ ಮೊದಲೇ ಇನ್ನೊಂದು ಮುದ್ದೆ ತಂದಳು. ಬೇಡ ಎನ್ನಲು ವಿಜಯ್ ಕುಮಾರ್ ಬಾಯಿ ತೆರೆದ. ಆ ಬಾಯಿ ಇವತ್ತು ಮಾಡಿರುವ ಕೆಲಸ ನೆನಪಾಗಿ, ಅದಕ್ಕೆ ಮುದ್ದೆಯ ದೊಡ್ಡ ತುತ್ತೊಂದನ್ನು ತುರುಕಿದ.