ಗೇಟಿನ ಈಚೆ, ಗೇಟಿನ ಆಚೆ

ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿ ಸೇರಿದಾಗ, ಕಾಡಿನಲ್ಲಿ ಒಬ್ಬನೇ ಇರಬೇಕಲ್ಲ ಎಂದು ಹೆದರಿದ್ದೆ. ಈಗ ಒಂದು ಗಳಿಗೆ ಒಬ್ಬನೇ ಇರಲು ಸಿಕ್ಕಿದರೆ ಸಾಕು ಅನಿಸುತ್ತದೆ. ಸುಳ್ಯ, ಕಡಬ ಕಡೆ ಕಾಡಿನಂಚಿನಲ್ಲಿ ಮನೆಗಳು ಹೆಚ್ಚಿದವು, ಭಾನುವಾರದ ಕಾರುಗಳು ಹೆಚ್ಚಿದವು. ಗಾರ್ಡುಗಳು ಮಾತ್ರ ಇದ್ದಷ್ಟೇ. ಹಾಗಾಗಿ ಇಂಥದ್ದು ವಾರಕ್ಕೊಂದು ಆಗುತ್ತಲೇ ಇರುತ್ತದೆ.

ಬೇಲಿ

ಐವರ್ನಾಡಿನ ಆಚೆ, ಕಾಡಿಗೆ ತಾಗಿಕೊಂಡು ಒಬ್ಬ ಹಿರಿಯರ ಜಾಗ. ಮೂವರು ಮಕ್ಕಳಿಗೆ ಮದುವೆಯಾಗಿ ಮೂರು ಮನೆ ಎದ್ದಿತ್ತು. ಪ್ರತಿ ಮಳೆಗಾಲ ಕಳೆದಾಗಲೂ ಅವರ ಬೇಲಿ ನಾಲ್ಕು ಹೆಜ್ಜೆ ಕಾಡಿನೊಳಗೆ ಬಂದಿರುತ್ತಿತ್ತು. ಒಂದು ದಿನ ಟೇಪು ಹಿಡಿದು ಹೋದೆ. ಹುಡುಕಿ ಹುಡುಕಿ ಇಲಾಖೆಯ ಗಡಿಕಲ್ಲು ಅವರ ದನದ ಹಟ್ಟಿಯೊಳಗೆ ಸಿಕ್ಕಿತು. ಅದಕ್ಕೆ ಕರು ಕಟ್ಟಿದ್ದರು.

"ಎಂತ ಮಾರಾಯ್ರೆ ಇದು?" ಎಂದೆ.

ಅವರು ಕಲ್ಲನ್ನೂ ಕಾಡನ್ನೂ ನಿಧಾನಕ್ಕೆ ನೋಡಿದರು. "ನಾವು ಇಲ್ಲಿಂದ ಎಲ್ಲಿಗೂ ಹೋಗ್ಲಿಲ್ಲ. ನಿಮ್ಮ ಕಾಡೇ ಹಿಂದೆ ಹಿಂದೆ ಹೋಗುದು. ನೀವು ಸರಿ ನೋಡಿಕೊಳ್ಳುದಿಲ್ಲ."

ಬುಕಿಂಗ್

ಚಾರಣಕ್ಕೆ ದಿನಕ್ಕೆ ಇಂತಿಷ್ಟೇ ಜನ, ಆನ್‌ಲೈನ್ ಬುಕಿಂಗ್ ಕಡ್ಡಾಯ ಎಂದು ಆದೇಶ ಬಂತು. ಒಳ್ಳೆಯದೇ. ಆದರೆ ನಾನು ಕಾಯುವ ಚಾರಣದ ಗೇಟಿನ ಹತ್ತಿರ ನೆಟ್‌ವರ್ಕ್ ಇಲ್ಲ. ಅದು ಸಿಗುವುದು ಗುಡ್ಡದ ತುದಿಯಲ್ಲಿ. ಪುತ್ತೂರಿನಿಂದ ಎರಡು ಬಸ್ಸು ಬದಲಿಸಿ ಬಂದ ನಿವೃತ್ತ ಮಾಷ್ಟ್ರೊಬ್ಬರು ಕೇಳಿದರು, "ಬುಕ್ ಮಾಡ್ಲಿಕ್ಕೆ ಮೇಲೆ ಹೋಗ್ಬೇಕು, ಮೇಲೆ ಹೋಗ್ಲಿಕ್ಕೆ ಬುಕ್ ಮಾಡ್ಬೇಕು. ಎಂತ ಮಾಡುದು?"

ಪಾಪ ಅನಿಸಿ, "ಹೋಗಿ, ಬುಕ್ ಮಾಡಿ ಕೂಡಲೇ ಇಳಿಯಿರಿ" ಎಂದೆ.

ಮೂರು ಗಂಟೆ ಕಳೆದು ಕೋಲೂರಿಕೊಂಡು ಇಳಿದು ಬಂದರು. "ಬುಕ್ ಆಯ್ತಾ?" ಎಂದು ಕೇಳಿದೆ.

"ಆಯ್ತು. ಆದ್ರೆ ಮೊಣಕಾಲು ಹೋಯ್ತು ಮಾರಾಯ, ಇನ್ನೊಮ್ಮೆ ಹತ್ಲಿಕ್ಕೆ ಆಗ್ಲಿಕ್ಕಿಲ್ಲ. ಕ್ಯಾನ್ಸಲ್ ಮಾಡ್ಲಿಕ್ಕೆ ಎಲ್ಲಿಗೆ ಹೋಗ್ಬೇಕು?"

ರಜೆ

"ಊರವರೆಲ್ಲ ನಿಮ್ಮ ಗೇಟಿನೊಳಗಿನ ಜಲಪಾತ ನೋಡಿ ಆಯ್ತು, ನಾನೊಬ್ಬಳು ಬಾಕಿ" ಎಂದು ಹೇಳಿ ಹೇಳಿ ಹೆಂಡತಿಗೆ ಸಾಕಾಗಿತ್ತು. ಅಂತೂ ಒಂದು ವಾರ ರಜೆ ಸಿಕ್ಕಿತು. ಭಾನುವಾರ ಒಳ್ಳೆಯ ಶರ್ಟು ಹಾಕಿ, ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ನನ್ನದೇ ಗೇಟಿಗೆ ಹೋದೆ. ನನ್ನ ಜಾಗದಲ್ಲಿ ವಿಜಯಪುರ ಕಡೆಯ ಹೊಸ ಗಾರ್ಡ್ ಇದ್ದ. ಪರಸ್ಪರ ಮುಖ ನೋಡಿದವರಲ್ಲ.

"ಇವತ್ತಿಂದು ಬುಕಿಂಗ್ ಫುಲ್ ಆಗೇತ್ರಿ" ಎಂದ.

"ನಾನು ಇಲ್ಲಿಯದ್ದೇ ಗಾರ್ಡ್ ಮಾರಾಯ."

"ಹಂಗಾರ ಕಾರ್ಡ್ ತೋರಸ್ರಿ."

ಕಾರ್ಡು ಯೂನಿಫಾರ್ಮಿನ ಕಿಸೆಯಲ್ಲಿ, ಯೂನಿಫಾರ್ಮು ಕುಂಬ್ರದ ಮನೆಯ ಮೊಳೆಯಲ್ಲಿ. ಹಿಂದೆ ಕಾರುಗಳು ಹಾರ್ನ್ ಹೊಡೆಯುತ್ತಿದ್ದವು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಅದು ಹಾರ್ನಿಗಿಂತ ಕಷ್ಟ. ದನಿ ಏರಿಸಿದೆ: "ಈ ಬೋರ್ಡು ನೆಟ್ಟದ್ದೇ ನಾನು! ಈ ಕಾಡು ಕಾಯುದೇ ನಾನು!"

ಆತನಿಗೆ ಸಿಟ್ಟು ಬರಲಿಲ್ಲ. ದಿನವಿಡೀ ನಿಂತ ಸುಸ್ತಿನಲ್ಲೇ ಕೈ ಮುಗಿದ.

"ಬೈಕ್ ತಿರುಗಸ್ರಿ ಅಣ್ಣಾರ. ಮುಂಜಾನಿಂದ ಬಂದೋರೊಳಗ ನೀವು ಮೂರನೇ ಗಾರ್ಡ್."